ಮಳೆಗಾಲದಲ್ಲಿ ಬಂಡೆ ಗಟ್ಟಿಯಾಯಿತೆಂದು ನಂಬಿದ್ದೆ

ಸಕಲೇಶಪುರದಾಚೆ ಕಾಫಿ ತೋಟದ ರಸ್ತೆಗೆಂದು ಕಡಿದ ಧರೆಯೊಂದಿದೆ. ಮೇಲೆ ಕೆಂಪು ಮಣ್ಣು, ಕೆಳಗೆ ಬಿರುಕುಬಿಟ್ಟ ನೈಸ್ (gneiss) ಎಂಬ ಪಟ್ಟೆಪಟ್ಟೆಯ ಶಿಲೆ. ಅದರ ನೆತ್ತಿಯ ಮೇಲೆ ಒಂದೇ ಸಾಲಿನಲ್ಲಿ ಎರಡು ಸಲ ಜಿಯೋಫೋನ್, ಅಂದರೆ ನೆಲದ ಕಂಪನ ಹಿಡಿಯುವ ಉಪಕರಣ, ನೆಟ್ಟೆ, ಮಾರ್ಚ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ. ಕಬ್ಬಿಣದ ತಟ್ಟೆಗೆ ಸಮ್ಮಟಿಗೆಯಿಂದ ಹೊಡೆದು, ಕಂಪನ ಎಷ್ಟು ಬೇಗ ತಲುಪುತ್ತದೆಂದು ಅಳೆಯುವ ಕೆಲಸ.

ಆಗಸ್ಟ್‌ನಲ್ಲಿ ಅಲೆ ಬೇಗ ಬಂತು. ವೇಗ ಹೆಚ್ಚಿದರೆ ಬಂಡೆ ಗಟ್ಟಿ ಎಂಬುದು ಈ ಕಸುಬಿನ ಮೊದಲ ಪಾಠ. ಹಾಗೆಂದೇ ವರದಿ ಬರೆದಿಟ್ಟೆ. ಅದನ್ನು ಕಳಿಸುವ ಮೊದಲು ತೋಟದ ಮೇಸ್ತ್ರಿ ನನ್ನನ್ನು ಧರೆಯ ಬುಡಕ್ಕೆ ಕರೆದೊಯ್ದರು. "ನೋಡಿ ಸಾರ್, ಇಲ್ಲಿ ಜಲ ಎದ್ದಿದೆ. ಮೊನ್ನೆಯಿಂದ ಆ ಸೀಳು ಬಾಯಿ ಬಿಡ್ತಿದೆ." ಬೇಸಿಗೆಯಲ್ಲಿ ಬೆರಳೂ ತೂರದಿದ್ದ ಬಿರುಕಿನೊಳಗೆ ಈಗ ಅಂಗೈ ಹೋಗುತ್ತಿತ್ತು. ವರದಿ ಹರಿದುಹಾಕಿದೆ.

ತಪ್ಪಿದ್ದೆಲ್ಲಿ? ನಾನು ಅಳೆದದ್ದು ಪಿ ತರಂಗ, ಒತ್ತುತ್ತಾ ಸಾಗುವ ಅಲೆ. ಬಿರುಕಿನಲ್ಲಿ ಗಾಳಿಯಿದ್ದರೆ ಅದು ಕುಗ್ಗಿಬಿಡುತ್ತದೆ, ಅಲೆ ತಡವಾಗುತ್ತದೆ. ನೀರು ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಗಾಳಿಯಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ ಸುಮಾರು 1500. ಸಂದು ತುಂಬಿತ್ತು ಅಷ್ಟೇ, ಬಂಡೆ ಬೆಸೆದುಕೊಂಡಿರಲಿಲ್ಲ.

ಮರುದಿನ ಮರದ ದಿಮ್ಮಿಯನ್ನು ನೆಲಕ್ಕಿಟ್ಟು, ಮೇಲೆ ಜೀಪಿನ ಚಕ್ರ ಹತ್ತಿಸಿ, ದಿಮ್ಮಿಯ ತುದಿಗೆ ಅಡ್ಡಡ್ಡ ಹೊಡೆದೆವು. ಇದು ಎಸ್ ತರಂಗ. ಪಕ್ಕಕ್ಕೆ ಅಲುಗಿಸುವ ಈ ಅಲೆಯನ್ನು ನೀರು ಹೊರಲಾರದು. ಮಾರ್ಚ್‌ನಲ್ಲಿ ಅಳೆದದ್ದಕ್ಕಿಂತ ಅದರ ವೇಗ ಒಂದಿಷ್ಟೂ ಏರಿರಲಿಲ್ಲ. ಪಿ ಏರಿ ಎಸ್ ಏರದಿದ್ದರೆ ನೀರು ನಿಂತಿದೆ ಎಂದೇ ನಾನೀಗ ಓದುತ್ತೇನೆ.

ನೀರು ಎಣ್ಣೆಯಂತೆ ಜಾರಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸಂದಿನ ಜೇಡಿ ಮೆತ್ತಗಾಗುವುದು ನಿಜ, ಆದರೆ ಹೆಚ್ಚು ಅಪಾಯ ಒತ್ತಡದ್ದು. ಸೀಳಿನಲ್ಲಿ ಐದು ಮೀಟರ್ ನೀರು ನಿಂತರೆ ಅದರ ತಳದಲ್ಲಿ ಪ್ರತಿ ಚದರ ಮೀಟರಿಗೆ ಐದು ಟನ್ ಒತ್ತಡ. ಅದು ಬಂಡೆಯ ಎರಡು ಮೈಗಳನ್ನು ದೂರ ತಳ್ಳುತ್ತದೆ. ಒಂದನ್ನೊಂದು ಒತ್ತಿ ಹಿಡಿದ ಬಿಗಿ ಸಡಿಲಿದಷ್ಟೂ ಘರ್ಷಣೆ ಕಡಿಮೆ. ಕಾಂಕ್ರೀಟ್ ಬಳಿದು ಸೀಳಿನ ಬಾಯಿ ಮುಚ್ಚುವುದಂತೂ ನೀರನ್ನು ಒಳಗೇ ಕೂಡಿಹಾಕಿದಂತೆ. ಆ ಸಲಹೆ ಬಂದಾಗ ನಾನು ಒಪ್ಪಲಿಲ್ಲ.

ರಸ್ತೆ ಮುಚ್ಚಿಸಿ, ಧರೆಯ ಬುಡದಿಂದ ಒಳಕ್ಕೆ ತುಸು ಮೇಲ್ಮುಖವಾಗಿ ತೂತು ಕೊರೆಸಿದೆವು. ಮೊದಲು ಕೆಂಪು ನೀರು, ಆಮೇಲೆ ತಿಳಿನೀರು ಸುರಿಯಿತು. ಹರಿವು ಸಣ್ಣದಾದ ಮೇಲೆ ಅದೇ ಸಾಲಿನಲ್ಲಿ ಮತ್ತೆ ಸಮ್ಮಟಿಗೆ ಹೊಡೆದೆ. ಪಿ ತರಂಗ ತಡವಾಗಿ ಬಂತು. ಆ ತಡ ಕಂಡು ಮೇಸ್ತ್ರಿಗೆ ಹೇಳಿದೆ: "ನೀರು ಇಳಿದಿದೆ."