ಟ್ಯಾಂಕ್ ತುಂಬಿದಾಗ ಕೂಗುವ ಬಜರ್: ಮೈಕ್ರೊಕಂಟ್ರೋಲರ್ ಕಲಿಕೆಗೆ ಒಂದು ದಾರಿ

ಮೈಕ್ರೊಕಂಟ್ರೋಲರ್ ಕಲಿಯಬೇಕೆಂದು ಹೊರಟವರು ಬಹಳಷ್ಟು ಮಂದಿ ಮೊದಲು ಕೊಳ್ಳುವುದು 37 ಸೆನ್ಸರ್‌ಗಳ ದೊಡ್ಡ ಪೆಟ್ಟಿಗೆಯನ್ನು. ಎಲ್‌ಇಡಿ ಮಿನುಗುತ್ತದೆ, ಮನೆಮಂದಿ ಭೇಷ್ ಎನ್ನುತ್ತಾರೆ, ಪೆಟ್ಟಿಗೆ ಅಟ್ಟ ಸೇರುತ್ತದೆ. ಮಾಡಬೇಕಾದ ಕೆಲಸವನ್ನು ಮೊದಲು ಗೊತ್ತುಮಾಡಿಕೊಂಡು ಕಿಟ್ ಆಮೇಲೆ ಕೊಂಡರೆ ಹಣವೂ ಉಳಿಯುತ್ತದೆ, ಕಲಿಕೆಯೂ ಮುಂದೆ ಸಾಗುತ್ತದೆ. ಇಲ್ಲಿ ಹಿಡಿದಿರುವ ಕೆಲಸ ಎಲ್ಲರ ಮನೆಯದು: ಮಹಡಿಯ ಮೇಲಿನ ಟ್ಯಾಂಕ್ ತುಂಬುತ್ತಿದ್ದಂತೆ ಕೆಳಗೆ ಬಜರ್ ಕೂಗಬೇಕು.

ಯಾವ ಬೋರ್ಡ್?

ಪ್ರೊಸೆಸರ್, ಮೆಮೊರಿ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ಪಿನ್‌ಗಳು ಎಲ್ಲವೂ ಒಂದೇ ಚಿಪ್‌ನಲ್ಲಿದ್ದರೆ ಅದು ಮೈಕ್ರೊಕಂಟ್ರೋಲರ್. ಇಂಟೆಲ್ 1980ರಲ್ಲಿ ತಂದ 8051 ಇಂಥದ್ದೇ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಿಗೆ ಅದು ಹಳೆಯ ನೆಂಟ. ಡೆವಲಪ್‌ಮೆಂಟ್ ಕಿಟ್ ಎಂದರೆ ಆ ಚಿಪ್‌ನ ಜೊತೆಗೆ ಯುಎಸ್‌ಬಿ ಕಿಂಡಿ, ವೋಲ್ಟೇಜ್ ರೆಗ್ಯುಲೇಟರ್, ರೀಸೆಟ್ ಗುಂಡಿ ಸೇರಿಸಿ, ಬೆಸುಗೆಯ ಗೋಜಿಲ್ಲದೆ ತಂತಿ ಚುಚ್ಚುವಂತೆ ಮಾಡಿದ ಹಲಗೆ.

ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ವಿನ್ಯಾಸದ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆರ್ಡುಯಿನೊ ನಮ್ಮ ಕೆಲಸಕ್ಕೆ ಸಾಕು. ಅದರ ಊನೊ ಆರ್3 ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್‌ನ ವೇಗ 16 ಮೆಗಾಹರ್ಟ್ಸ್, ಪ್ರೋಗ್ರಾಂ ಇಡಲು 32 ಕೆ.ಬಿ., ಲೆಕ್ಕಾಚಾರಕ್ಕೆ 2 ಕೆ.ಬಿ. ಮೊಬೈಲಿನ ಒಂದು ಫೋಟೊ ಕೂಡ ಇದರಲ್ಲಿ ಹಿಡಿಸದು; ಟ್ಯಾಂಕ್ ಕಾಯಲು ಮಾತ್ರ ಧಾರಾಳ. ವೈಫೈ ಬೇಕೆಂದರೆ ಇಎಸ್‌ಪಿ32 ಇದೆ, ಕಡಿಮೆ ಬೆಲೆಯ ರಾಸ್ಪ್‌ಬೆರಿ ಪೈ ಪಿಕೊ ಇದೆ. ಆದರೆ ಬೋರ್ಡ್ ಆರಿಸುವಾಗ ನಾನು ಮೊದಲು ನೋಡುವುದು ವೇಗವನ್ನಲ್ಲ, ಪಿನ್‌ಗಳ ವೋಲ್ಟೇಜನ್ನು. ಊನೊ 5 ವೋಲ್ಟ್‌ನದು, ಉಳಿದೆರಡು 3.3 ವೋಲ್ಟ್‌ನವು. ಶಬ್ದ ಕಳಿಸಿ ನೀರಿನ ದೂರ ಅಳೆಯುವ ನಮ್ಮ ಸೆನ್ಸರ್ 5 ವೋಲ್ಟ್ ಉಗುಳುತ್ತದೆ. ಅದನ್ನು ನೇರವಾಗಿ ಇಎಸ್‌ಪಿ32ಕ್ಕೆ ಕೊಟ್ಟರೆ ಪಿನ್ ಸುಡಬಹುದು. ನಡುವೆ 1 ಮತ್ತು 2 ಕಿಲೊಓಮ್ ರೆಸಿಸ್ಟರ್‌ಗಳನ್ನಿಟ್ಟು ವೋಲ್ಟೇಜ್ ಇಳಿಸಬೇಕಾಗುತ್ತದೆ. ಹೊಸಬರಿಗೆ ಆ ರಗಳೆ ಬೇಡ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಊನೊ ಮಾದರಿಯ ಬೋರ್ಡ್‌ಗಳು ಹೇರಳ. ಉದ್ದನೆಯ 28 ಕಾಲಿನ ಚಿಪ್ ಸಾಕೆಟ್‌ನಲ್ಲಿ ಕೂತಿರುವ ಬೋರ್ಡನ್ನೇ ಕೇಳಿ. ಪುಟ್ಟ ಚಚ್ಚೌಕ ಚಿಪ್ ಬೆಸೆದ ಬೋರ್ಡ್ ಬೇಡ, ಕಾರಣ ಮುಂದಿದೆ. ಸೆನ್ಸರ್ ಕೊಳ್ಳುವಾಗ ತೆರೆದ ಎರಡು ಕಣ್ಣಿನ ಎಚ್‌ಸಿ-ಎಸ್‌ಆರ್04 ಅಗ್ಗವೆಂದು ಒಯ್ಯಬೇಡಿ, ಟ್ಯಾಂಕಿನೊಳಗಿನ ಹಬೆಗೆ ಅದು ಬಾಳುವುದಿಲ್ಲ. ನೀರು ತಾಗದಂತೆ ಮುಚ್ಚಿದ ಜೆಎಸ್‌ಎನ್-ಎಸ್‌ಆರ್04ಟಿ ತನ್ನಿ.

ಜೋಡಣೆ

ಸೆನ್ಸರ್‌ನ ನಾಲ್ಕು ಕಾಲುಗಳಲ್ಲಿ ಒಂದು 5 ವೋಲ್ಟ್‌ಗೆ, ಒಂದು ಗ್ರೌಂಡಿಗೆ, ಟ್ರಿಗ್ ಪಿನ್ 9ಕ್ಕೆ, ಎಕೊ ಪಿನ್ 10ಕ್ಕೆ. ಬಜರ್ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ. ಊನೊ ಪಿನ್‌ನಿಂದ 20 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯದಿರುವುದು ಕ್ಷೇಮ. ಬಜರ್‌ಗಳು ಅದಕ್ಕಿಂತ ಹೆಚ್ಚು ಕೇಳುವುದುಂಟು. ಆದ್ದರಿಂದ ನಡುವೆ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಬಿಸಿ547 ಟ್ರಾನ್ಸಿಸ್ಟರ್ ಇಡಿ. ಅದರ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬಜರ್‌ನ ಪ್ಲಸ್ 5 ವೋಲ್ಟ್‌ಗೆ, ಮೈನಸ್ ಕಲೆಕ್ಟರಿಗೆ, ಎಮಿಟರ್ ಗ್ರೌಂಡಿಗೆ. ಪಿನ್ 8ರಿಂದ 1 ಕಿಲೊಓಮ್ ರೆಸಿಸ್ಟರ್ ಮೂಲಕ ಬೇಸ್‌ಗೆ.

ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ತೂತುಗಳ ಹಲಗೆಯಾದ ಬ್ರೆಡ್‌ಬೋರ್ಡಿನ ಅಂಚಿನ ಕೆಂಪು-ನೀಲಿ ಗೆರೆಗಳು ನಡುವೆ ಕಡಿದಿದ್ದರೆ ಒಳಗಿನ ಲೋಹದ ಪಟ್ಟಿಯೂ ಅಲ್ಲಿಗೇ ಮುಗಿದಿದೆ ಎಂದರ್ಥ. ಆ ಅರ್ಧಕ್ಕೂ ಈ ಅರ್ಧಕ್ಕೂ ಒಂದು ತಂತಿ ಹಾಕದಿದ್ದರೆ ಎಲ್ಲ ಸರಿಯಿದ್ದೂ ಏನೂ ನಡೆಯುವುದಿಲ್ಲ. ಕಂಪ್ಯೂಟರಿಗೆ ಬೋರ್ಡ್ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ, ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಆಗಲೂ ಕಾಣದಿದ್ದರೆ, ಕೆಲವು ಬೋರ್ಡ್‌ಗಳಲ್ಲಿ ಯುಎಸ್‌ಬಿ ಸಂಪರ್ಕ ನೋಡಿಕೊಳ್ಳುವ ಸಿಎಚ್340 ಚಿಪ್‌ನ ಡ್ರೈವರ್ ಹಾಕಿ ನೋಡಿ.

ಪ್ರೋಗ್ರಾಂ

ಟ್ರಿಗ್ ಪಿನ್ನನ್ನು 20 ಮೈಕ್ರೊಸೆಕೆಂಡ್ ಎತ್ತಿ ಇಳಿಸಿದರೆ ಸೆನ್ಸರ್ ನಮಗೆ ಕೇಳದ ಶಬ್ದವೊಂದನ್ನು ಹೊರಡಿಸುತ್ತದೆ. ಅದು ನೀರಿಗೆ ತಾಗಿ ಮರಳುವಷ್ಟು ಹೊತ್ತು ಎಕೊ ಪಿನ್ ಎತ್ತರದಲ್ಲಿರುತ್ತದೆ. ಪಲ್ಸ್‌ಇನ್ ಎಂಬ ಸಿದ್ಧ ಆದೇಶ ಆ ಅವಧಿಯನ್ನು ಮೈಕ್ರೊಸೆಕೆಂಡ್‌ಗಳಲ್ಲಿ ಕೊಡುತ್ತದೆ. 58ರಿಂದ ಭಾಗಿಸಿದರೆ ಸೆಂಟಿಮೀಟರ್. 5,800 ಬಂದರೆ ನೀರು 100 ಸೆಂ.ಮೀ. ಕೆಳಗಿದೆ.

ಅಂತರ್ಜಾಲದಲ್ಲಿ ಸಿಗುವ ಬಹುತೇಕ ಮಾದರಿಗಳು ಇಲ್ಲಿಗೆ ನಿಲ್ಲುತ್ತವೆ. ನಿಜವಾದ ಟ್ಯಾಂಕಿನ ಎದುರು ಅವು ನಿಲ್ಲುವುದಿಲ್ಲ. ಪ್ರತಿಧ್ವನಿ ಸಿಗದಿದ್ದರೆ ಪಲ್ಸ್‌ಇನ್ ಶೂನ್ಯ ಕೊಡುತ್ತದೆ. ಶೂನ್ಯ ದೂರ ಎಂದರೆ ಟ್ಯಾಂಕ್ ತುಂಬಿತೆಂದೇ ಪ್ರೋಗ್ರಾಂ ಭಾವಿಸಿ ನಡುರಾತ್ರಿ ಬೊಬ್ಬೆ ಹಾಕುತ್ತದೆ. ಆದ್ದರಿಂದ ಶೂನ್ಯ ಬಂದರೆ ಆ ಅಳತೆಯನ್ನು ಕೈಬಿಡಲು ಬರೆಯಿರಿ. ನೀರು ಬೀಳುವಾಗ ಅಲೆಯೆದ್ದು ಅಳತೆ ಹಾರಾಡುತ್ತದೆ. ಐದು ಅಳತೆ ತೆಗೆದು, ಏರಿಕೆ ಕ್ರಮದಲ್ಲಿಟ್ಟು, ನಡುವಿನದನ್ನು ಹಿಡಿಯಿರಿ. ಸರಾಸರಿ ಬೇಡ, ಒಂದೇ ಒಂದು ಹುಚ್ಚು ಅಳತೆ ಉಳಿದ ನಾಲ್ಕನ್ನೂ ಕೆಡಿಸುತ್ತದೆ. ಇನ್ನೊಂದು, ಸೆನ್ಸರ್‌ನಿಂದ ನೀರಿಗಿರುವ ದೂರದಲ್ಲಿ ಬಜರ್ ಕೂಗುವ ಮಟ್ಟ 30 ಸೆಂ.ಮೀ. ಇಟ್ಟರೆ ಸುಮ್ಮನಾಗುವ ಮಟ್ಟ 35 ಇರಲಿ. ಎರಡೂ ಒಂದೇ ಆದರೆ ಗಡಿಯಲ್ಲಿ ಬಜರ್ ಬಿಕ್ಕಳಿಸುತ್ತಲೇ ಇರುತ್ತದೆ.

30ಕ್ಕಿಂತ ಕಡಿಮೆ ಇಡಲು ಹೋಗಬೇಡಿ. ಈ ಸೆನ್ಸರ್‌ಗೆ ಸುಮಾರು 20-25 ಸೆಂ.ಮೀ. ಒಳಗಿನದು ಕಾಣುವುದಿಲ್ಲ.

ಟ್ಯಾಂಕಿನ ಮೇಲೆ

ಮುಚ್ಚಳದಲ್ಲಿ, ನೀರು ಬೀಳುವ ಪೈಪಿನಿಂದ ಆದಷ್ಟು ದೂರದಲ್ಲಿ, ತೂತು ಕೊರೆದು ಸೆನ್ಸರ್ ನೇರ ಕೆಳಮುಖವಾಗಿ ಕೂರಿಸಿ. ಬೋರ್ಡ್ ಹತ್ತಿರದಲ್ಲೇ ಮಳೆ ತಾಗದ ಡಬ್ಬಿಯಲ್ಲಿರಲಿ; ಕೆಳಕ್ಕೆ ಬಜರ್‌ನ ಎರಡು ತಂತಿ ಮಾತ್ರ ಎಳೆದರಾಯಿತು. ಸೆನ್ಸರ್‌ನ ತಂತಿಯನ್ನೇ ಮನೆಯೊಳಗಿನವರೆಗೆ ಎಳೆಯುವ ಯೋಚನೆ ಬಿಡಿ.

ಬ್ಯಾಟರಿಯಲ್ಲಿ ಓಡಿಸೋಣವೇ ಎಂದು ಕೇಳುವವರಿದ್ದಾರೆ. ಊನೊ ಸುಮ್ಮನೆ ಕೂತಾಗಲೂ 50 ಮಿಲಿಆಂಪಿಯರ್ ಆಸುಪಾಸು ತಿನ್ನುತ್ತದೆ. 2,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಎರಡು ದಿನವೂ ಬಾರದು. ಚಿಪ್ ಒಂದನ್ನೇ ನಿದ್ರೆಗೆ ಕಳಿಸಿ ಪ್ರಯೋಜನವಿಲ್ಲ. ಕಿಟ್‌ನ ಯುಎಸ್‌ಬಿ ಚಿಪ್, ರೆಗ್ಯುಲೇಟರ್, ಪವರ್ ಎಲ್‌ಇಡಿ ಎಚ್ಚರವಾಗಿಯೇ ಇರುತ್ತವೆ. 5 ವೋಲ್ಟ್‌ನ ಹಳೆಯ ಮೊಬೈಲ್ ಚಾರ್ಜರ್ ಹಚ್ಚಿ. ಮೋಟರನ್ನು ತಾನೇ ಆರಿಸುವಂತೆ ಮಾಡುವ ಆಸೆ ಮುಂದೆ ಹುಟ್ಟಿಯೇ ಹುಟ್ಟುತ್ತದೆ. ಆ 230 ವೋಲ್ಟ್ ಭಾಗವನ್ನು ಎಲೆಕ್ಟ್ರಿಷಿಯನ್ ಕೈಗೇ ಬಿಡಿ.

ಕಿಟ್‌ನಿಂದ ಸ್ವಂತ ಬೋರ್ಡಿಗೆ

ವಾರಗಟ್ಟಲೆ ತಪ್ಪದೆ ನಡೆದ ಮೇಲೆ ಕಿಟ್ಟನ್ನು ಟ್ಯಾಂಕಿನ ಮೇಲೆಯೇ ಬಿಡುವುದು ದಂಡ. ವಿದ್ಯುತ್ ತೆಗೆದು, ಚಿಪ್ಪನ್ನು ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಮೀಟಿ ಸಾಕೆಟ್‌ನಿಂದ ಎಬ್ಬಿಸಿ. ತೂತುಗಳ ಪಿಸಿಬಿಯ ಮೇಲೆ ಅದಕ್ಕೆ ಬೇಕಾದದ್ದು ಇಷ್ಟೇ: 16 ಮೆಗಾಹರ್ಟ್ಸ್ ಕ್ರಿಸ್ಟಲ್, ಅದರ ಎರಡು ಕಾಲಿನಿಂದ ಗ್ರೌಂಡಿಗೆ ಒಂದೊಂದು 22 ಪಿಕೊಫ್ಯಾರಡ್ ಕೆಪಾಸಿಟರ್, ರೀಸೆಟ್ ಕಾಲಿನಿಂದ 5 ವೋಲ್ಟ್‌ಗೆ 10 ಕಿಲೊಓಮ್, ಮತ್ತು ಚಿಪ್‌ನ ವಿದ್ಯುತ್ ಕಾಲುಗಳಿಗೆ ಅಂಟಿಕೊಂಡಂತೆ 0.1 ಮೈಕ್ರೊಫ್ಯಾರಡ್. ಕೊನೆಯದನ್ನು ಬಿಟ್ಟರೂ ಮೇಜಿನ ಮೇಲೆ ನಡೆದೀತು, ಮೋಟರ್ ಚಾಲೂ ಆದ ಗಳಿಗೆಯಲ್ಲಿ ಚಿಪ್ ತಾನಾಗಿಯೇ ರೀಸೆಟ್ ಆಗತೊಡಗೀತು.

ಖಾಲಿಯಾದ ಸಾಕೆಟ್‌ಗೆ ಹೊಸ ಎಟಿಮೆಗಾ328ಪಿ ತಂದರೆ ಊನೊ ಮುಂದಿನ ಕೆಲಸಕ್ಕೆ ಸಿದ್ಧ. ಯುಎಸ್‌ಬಿಯಿಂದ ಬಂದ ಪ್ರೋಗ್ರಾಂ ಬರೆದಿಟ್ಟುಕೊಳ್ಳುವ ಪುಟ್ಟ ಪ್ರೋಗ್ರಾಂ, ಅಂದರೆ ಆರ್ಡುಯಿನೊ ಬೂಟ್‌ಲೋಡರ್ ತುಂಬಿದ ಚಿಪ್ಪನ್ನೇ ಕೇಳಿ ಕೊಳ್ಳಿ. ಖಾಲಿ ಚಿಪ್ ಹಾಕಿದರೆ ಯುಎಸ್‌ಬಿಯಿಂದ ಪ್ರೋಗ್ರಾಂ ಏರುವುದಿಲ್ಲ.