‘ಇಂಜಿನ್ ಮುಗಿದಿದೆ’ ಎಂದಿದ್ದರು: ಹಳೇ ಸೆಸ್ನಾ 150 ಕೊಂಡ ನನ್ನ ಅನುಭವ

ಟಿಬಿಓ ಅಂದರೆ ಇಂಜಿನ್ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸಿ ಅಂತ ತಯಾರಕರು ಹೇಳುವ ಗಂಟೆಗಳ ಲೆಕ್ಕ. ಅದರ ಹತ್ತಿರ ಬಂದ ಇಂಜಿನ್ ಇರುವ ವಿಮಾನ ಕೊಳ್ಳಬೇಡ ಅಂತ ಟೆಕ್ಸಸ್‌ನ ಡೆಂಟನ್ ಏರ್‌ಪೋರ್ಟ್‌ನ ಹ್ಯಾಂಗರ್ ಸಾಲಿನಲ್ಲಿ ನನಗೆ ಹೇಳದವರೇ ಇಲ್ಲ. ನಾನು ಕೊಂಡೆ. 1968ರ ಸೆಸ್ನಾ 150ಎಚ್, ಎರಡು ಸೀಟಿನ ಪುಟ್ಟ ವಿಮಾನ. ಆಗ ಇಂಜಿನ್ 1500 ಗಂಟೆ ದಾಟಿತ್ತು. ಈಗ 2000 ದಾಟಿದೆ. ಅದರಲ್ಲೇ ಕಲಿತೆ, ಅದರಲ್ಲೇ ಸೋಲೋ (ಒಬ್ಬನೇ) ಹಾರಿದೆ, ಅದರಲ್ಲೇ ಚೆಕ್‌ರೈಡ್ (ಲೈಸೆನ್ಸಿನ ಹಾರಾಟ ಪರೀಕ್ಷೆ) ಪಾಸಾದೆ. ಕಳೆದ ಆನ್ಯುಯಲ್‌ನಲ್ಲಿ (ವರ್ಷಕ್ಕೊಮ್ಮೆಯ ತಪಾಸಣೆ) ಕಂಪ್ರೆಷನ್ ನೋಡಿದರೆ, 80 ಒತ್ತಡದ ಗಾಳಿ ಬಿಟ್ಟಾಗ ನಾಲ್ಕೂ ಸಿಲಿಂಡರ್ 70ರ ಮೇಲೆ ಹಿಡಿದುಕೊಂಡವು. ಅವತ್ತು ‘ಬೇಡ’ ಅಂದವರಲ್ಲಿ ಇಬ್ಬರು ಈಗ ಇಂಥದ್ದೇ ವಿಮಾನ ಹುಡುಕಿಕೊಡು ಅಂತ ನನ್ನನ್ನೇ ಕೇಳುತ್ತಿದ್ದಾರೆ. ಅದಕ್ಕೆ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಅಂಕಿಗಳೆಲ್ಲ ನೆನಪಿನಿಂದ ಬರೆದವು, ಸುಮಾರು ಅಂತಲೇ ಇಟ್ಟುಕೊಳ್ಳಿ.

ನನ್ನ ಕನಸಿನ ವಿಮಾನ ಇದಲ್ಲ, ವಿ-ಬಾಲದ ಬೊನಾಂಜಾ. 1947ರಿಂದ 1982ರವರೆಗೆ ಬೀಚ್‌ಕ್ರಾಫ್ಟ್ ಮಾಡಿದ ಆ ವಿಮಾನದಷ್ಟು ಚೆಂದದ್ದು ಇನ್ನೊಂದಿಲ್ಲ ಅಂತ ಇವತ್ತಿಗೂ ನನ್ನ ನಂಬಿಕೆ. ಡಲ್ಲಾಸ್ ಕಡೆಯ ನಮ್ಮ ಹುಡುಗರಿಗೆ ಈಗ ಸಿರಸ್ ಎಸ್‌ಆರ್22 ಹುಚ್ಚು. ಹೊಸದು ಹತ್ತು ಲಕ್ಷ ಡಾಲರ್ ದಾಟುತ್ತೆ. ಹೊಸ ಸೆಸ್ನಾ 172 (ನಾಲ್ಕು ಸೀಟಿನದು) ಕೂಡ ನಾಲ್ಕು ಲಕ್ಷದ ಮೇಲೆ. ಕನಸು ಇರಲಿ. ಆದರೆ ಹಾರಬೇಕಾದ್ದು ಈ ವಾರ, ಅಲ್ವಾ?

ಮೊದಲು ಒಂದು ಶಾಲೆಗೆ ಸೇರಿದ್ದೆ. ಬಾಡಿಗೆ 172, ಗಂಟೆಗೆ 170 ಡಾಲರ್ ಚಿಲ್ಲರೆ, ಇನ್‌ಸ್ಟ್ರಕ್ಟರ್‌ಗೆ ಬೇರೆ 70. ಶನಿವಾರ ಬೆಳಿಗ್ಗೆ ಹೋದರೆ ವಿಮಾನ ರಿಪೇರಿಗೆ ಹೋಗಿರುತ್ತಿತ್ತು. ವಿಮಾನ ಇದ್ದರೆ ಇನ್‌ಸ್ಟ್ರಕ್ಟರ್ ಏರ್‌ಲೈನ್ ಕೆಲಸ ಸಿಕ್ಕಿ ಹೊರಟುಹೋಗಿರುತ್ತಿದ್ದ. ಹೊಸಬ ಬಂದರೆ ಪಾಠ ಮೊದಲಿಂದ, ಮತ್ತೆ ಸ್ಟಾಲ್, ಮತ್ತೆ ಸ್ಲೋ ಫ್ಲೈಟ್. ಲೈಸೆನ್ಸಿಗೆ 40 ಗಂಟೆ ಸಾಕು ಅಂತ ನಿಯಮ. ಈ ರೀತಿ ಹೋದರೆ 80 ಆದರೂ ಮುಗಿಯಲ್ಲ ಅನ್ನಿಸಿತು. ಗ್ರೀನ್ ಕಾರ್ಡ್ ಆಗಲೇ ಕೈಗೆ ಬಂದಿತ್ತು, ನನ್ನ ಹೆಸರಿನಲ್ಲೇ ವಿಮಾನ ನೋಂದಾಯಿಸಬಹುದಿತ್ತು. ಎಚ್‌-1ಬಿಯಲ್ಲಿ ಇರುವವರು ಟ್ರಸ್ಟ್ ಮೂಲಕ ಹೋಗಬೇಕು, ಅದಕ್ಕೆ ವರ್ಷವರ್ಷ ಫೀಸು. ಗ್ರೀನ್ ಕಾರ್ಡ್ ಇದ್ದರೂ ಕಲಿಯಲು ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಇಲಾಖೆ) ಅನುಮತಿ, ಬೆರಳಚ್ಚು ಬೇಕೇಬೇಕು. ಇದನ್ನು ಮರೆತು ಇನ್‌ಸ್ಟ್ರಕ್ಟರ್ ಹುಡುಕಲು ಹೋಗಬೇಡಿ.

152 ಯಾಕಲ್ಲ, 150 ಯಾಕೆ? 150ರ ನಂತರ ಬಂದ ಸೆಸ್ನಾ 152ರಲ್ಲಿ ಲೈಕಮಿಂಗ್ ಕಂಪನಿಯ ಇಂಜಿನ್, ಟಿಬಿಓ 2400 ಗಂಟೆ, ಕಾಗದದ ಮೇಲೆ ಅದೇ ಮೇಲು. ಆದರೆ ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಕ್ರ್ಯಾಂಕ್‌ನ (ಪ್ರೊಪೆಲರ್ ತಿರುಗಿಸುವ ದಂಡ) ಮೇಲೆ ಕೂತಿದೆ. ವಿಮಾನ ತಿಂಗಳುಗಟ್ಟಲೆ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು ಕ್ಯಾಮ್‌ಗೆ ತುಕ್ಕು ಹಿಡಿಯುತ್ತೆ. 150ರ ಕಾಂಟಿನೆಂಟಲ್ ಓ-200ರಲ್ಲಿ ಕ್ಯಾಮ್ ಕೆಳಗಿದೆ, ಅಷ್ಟು ಬೇಗ ಒಣಗಲ್ಲ. ಇನ್ನೊಂದು ಕಾರಣ ಮನಸ್ಸಿನದು. ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್ ತರಬೇತಿ ವಿಮಾನದಲ್ಲಿ ಇದ್ದದ್ದು ಕಾಂಟಿನೆಂಟಲ್ ಸಿ90. ಓ-200 ಬೆಳೆದು ಬಂದದ್ದು ಆ ಸಿ90ಯಿಂದಲೇ. ನಮ್ಮೂರ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಒಂದು ಇಡೀ ಪೀಳಿಗೆ ಕಲಿತದ್ದು ಈ ಮನೆತನದ ಇಂಜಿನ್ ಹಿಂದೆ ಕೂತು. ಬೆಂಗಳೂರಿನಲ್ಲಿ ಜಕ್ಕೂರು ಏರೋಡ್ರೋಮ್ ಇರುವ ಬಳ್ಳಾರಿ ರಸ್ತೆ ಪಕ್ಕ ಬೆಳೆದವನಿಗೆ ಅದು ಸಣ್ಣ ವಿಷಯ ಅಲ್ಲ.

150ರಲ್ಲೂ 1967ರ ಜಿ ಮಾಡೆಲ್ ಆದಮೇಲಿನದ್ದೇ ನೋಡಿ. ಅಲ್ಲಿಂದ ಬಾಗಿಲು ಹೊರಗೆ ಉಬ್ಬಿದೆ, ಮೂರು ಇಂಚು ಜಾಸ್ತಿ ಜಾಗ. ಟೆಕ್ಸಸ್‌ನ ಇನ್‌ಸ್ಟ್ರಕ್ಟರ್ ಪಕ್ಕ ಕೂತಾಗ ಆ ಮೂರು ಇಂಚಿನ ಬೆಲೆ ಗೊತ್ತಾಗುತ್ತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲು ನೋಡಿದ ವಿಮಾನ ಎಲ್ಲರ ಪ್ರಕಾರ ಚಿನ್ನ. ಓವರ್‌ಹಾಲ್ ಆದಮೇಲೆ ಬರೀ 300 ಗಂಟೆ. ಲಾಗ್‌ಬುಕ್ ತೆರೆದರೆ ಓವರ್‌ಹಾಲ್ ಆಗಿದ್ದು ತೊಂಬತ್ತರ ದಶಕದಲ್ಲಿ. ಸರಾಸರಿ ವರ್ಷಕ್ಕೆ ಹತ್ತು ಗಂಟೆ ಹಾರಿದ್ದು, ಕೆಲವು ವರ್ಷ ಅದೂ ಇಲ್ಲ. ಕಂಪ್ರೆಷನ್ ಚೆನ್ನಾಗಿಯೇ ಬಂತು. ಮೆಕ್ಯಾನಿಕ್‌ಗೆ ಬೋರೋಸ್ಕೋಪ್ (ಸಿಲಿಂಡರ್ ಒಳಗೆ ಇಣುಕುವ ಸಣ್ಣ ಕ್ಯಾಮೆರಾ) ಹಾಕಲೇಬೇಕು ಅಂತ ಹಟ ಹಿಡಿದೆ. ಸಿಲಿಂಡರ್ ಗೋಡೆ ತುಂಬ ಕಂದು ಚುಕ್ಕೆ, ಸಾಸಿವೆ ಸಿಡಿದ ಹಾಗೆ. ಮಾರುವವನಿಗೆ ಸಿಟ್ಟು ಬಂತು. ನಾನು ವಾಪಸ್ ಬಂದೆ. ಪ್ರೀ-ಬೈಗೆ (ಕೊಳ್ಳುವ ಮೊದಲಿನ ತಪಾಸಣೆ) ಕೊಟ್ಟ 500 ಡಾಲರ್ ಹೋಯಿತು, ಮೂವತ್ತು ಸಾವಿರ ಉಳಿಯಿತು.

ಇನ್ನೊಂದರ ಬಣ್ಣ ನೋಡಿದರೆ ಆಸೆಯಾಗುತ್ತಿತ್ತು. ಇಂಜಿನ್ ಮುಚ್ಚಳ (ಕೌಲಿಂಗ್) ತೆಗೆಸಿ, ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆಯ (ಫೈರ್‌ವಾಲ್) ಕೆಳಭಾಗಕ್ಕೆ, ಮುಂದಿನ ಚಕ್ರದ ಕಂಬ (ನೋಸ್ ಸ್ಟ್ರಟ್) ಕೂರುವ ಜಾಗಕ್ಕೆ, ಟಾರ್ಚ್ ಅಡ್ಡ ಹಿಡಿದು ನೋಡಿದೆ. ನೇರ ಹಿಡಿದರೆ ಏನೂ ಕಾಣಲ್ಲ. ಅಡ್ಡ ಹಿಡಿದಾಗ ತಗಡಿನಲ್ಲಿ ಎರಡು ಸುಕ್ಕು ಎದ್ದು ಕಂಡವು. ಯಾವನೋ ವಿದ್ಯಾರ್ಥಿ ಮೂತಿ ಕುಟ್ಟಿ ಇಳಿಸಿದ್ದಾನೆ. ಲಾಗ್‌ಬುಕ್‌ನಲ್ಲಿ ಆ ಮಾತೇ ಇಲ್ಲ. ಕಲಿಕೆಗೆ ಬಳಸಿದ 150 ನೋಡುವವರು ಬೇರೆ ಎಲ್ಲಕ್ಕಿಂತ ಮೊದಲು ಇದನ್ನು ನೋಡಿ. ಆಮೇಲೆ ಸೀಟ್ ರೈಲ್‌ನ ತೂತುಗಳನ್ನು ನೋಡಿ, ಅದಕ್ಕೆ ಎಡಿ (ಸರ್ಕಾರದ ಕಡ್ಡಾಯ ಸುರಕ್ಷತಾ ಆದೇಶ) ಇದೆ. ಟೇಕಾಫ್‌ನಲ್ಲಿ ಸೀಟ್ ಹಿಂದೆ ಜಾರಿದರೆ ಯೋಕ್ (ವಿಮಾನದ ಸ್ಟಿಯರಿಂಗ್) ಹಿಡಿದುಕೊಂಡೇ ಜಾರುತ್ತೀರಿ.

ಇವೆರಡನ್ನೂ ಬಿಟ್ಟಮೇಲೆ ನನ್ನ ಲೆಕ್ಕ ಗಟ್ಟಿಯಾಯಿತು. ಇಂಜಿನ್ ಎಷ್ಟು ಗಂಟೆ ಓಡಿದೆ ಅನ್ನುವುದಕ್ಕಿಂತ ಕಳೆದ ಐದು ವರ್ಷ ಎಷ್ಟು ಸಲ ಓಡಿದೆ ಅನ್ನುವುದು ಮುಖ್ಯ. ವಾರಕ್ಕೊಮ್ಮೆ ಬಿಸಿಯಾಗುವ ಇಂಜಿನ್‌ಗೆ ತುಕ್ಕು ಹಿಡಿಯಲು ಪುರುಸೊತ್ತು ಸಿಗಲ್ಲ. ಓ-200ರ ಟಿಬಿಓ 1800. ಬಾಡಿಗೆಗೆ ಕೊಡದೆ ಸ್ವಂತಕ್ಕೆ ಹಾರಿಸುವವನಿಗೆ ಅದು ತಯಾರಕರ ಸಲಹೆ ಮಾತ್ರ, ನಿಯಮ ಅಲ್ಲ. ಆದರೆ ಮಾರುಕಟ್ಟೆ ಅದನ್ನೇ ನಿಯಮ ಅಂತ ಹಿಡಿದು ಬೆಲೆ ಕಟ್ಟುತ್ತೆ. ಅಂದರೆ 1500 ಗಂಟೆಯ ಇಂಜಿನ್ ಇರುವ ವಿಮಾನವನ್ನು ‘ಸತ್ತ ಇಂಜಿನ್’ ಬೆಲೆಗೇ ಮಾರುತ್ತಾರೆ. ಅದು ಸತ್ತಿಲ್ಲ ಅಂತ ನೀವು ಖಚಿತ ಮಾಡಿಕೊಂಡರೆ ಆ ವ್ಯತ್ಯಾಸ ಪೂರ್ತಿ ನಿಮ್ಮದು.

ನನ್ನ ವಿಮಾನ ಜಾಹೀರಾತಿನಲ್ಲಿ ಇರಲಿಲ್ಲ. ಹೇಗೆ ಸಿಕ್ಕಿತು ಅಂತ ಇಲ್ಲಿ ಬರೆಯಲ್ಲ, ನನಗೆ ಇನ್ನೂ ಇಬ್ಬರಿಗೆ ಹುಡುಕಿಕೊಡುವುದಿದೆ. ನಿವೃತ್ತರೊಬ್ಬರದ್ದು. ಪ್ರತಿ ವಾರ ಕಾಫಿ ಕುಡಿಯಲು ಪಕ್ಕದ ಊರಿಗೆ ಹಾರುತ್ತಿದ್ದರು. ಬಣ್ಣ ಮಾಸಿತ್ತು, ಪ್ಲಾಸ್ಟಿಕ್ ಎಲ್ಲ ಬಿರುಕು. ಲಾಗ್‌ಬುಕ್ ಮಾತ್ರ ತುಂಬಿ ತುಳುಕುತ್ತಿತ್ತು. 25 ಗಂಟೆಗೊಮ್ಮೆ ಎಣ್ಣೆ ಬದಲಾವಣೆ, ಎಣ್ಣೆ ಪರೀಕ್ಷಿಸುವ ಬ್ಲ್ಯಾಕ್‌ಸ್ಟೋನ್ ಲ್ಯಾಬ್‌ನ ವರದಿಗಳು ಸಾಲಾಗಿ. ಎಣ್ಣೆಯಲ್ಲಿ ಕಬ್ಬಿಣ ಹೆಚ್ಚಿದರೆ ಇಂಜಿನ್ ಸವೆಯುತ್ತಿದೆ ಅಂತ. ಆ ಅಂಕಿ ವರ್ಷಗಟ್ಟಲೆ ಒಂದೇ ಮಟ್ಟದಲ್ಲಿತ್ತು. ಅದು ಏರುತ್ತಿದ್ದರೆ ನಾನು ಎದ್ದು ಬರುತ್ತಿದ್ದೆ. ಬೆಲೆ ಮಾತಾಡುವ ಮೊದಲು ಅವರಿಗೆ ಒಂದೇ ಒಂದು ಪ್ರಶ್ನೆ ಕೇಳಿದೆ, ಅದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. 28-29 ಸಾವಿರಕ್ಕೆ ಮುಗಿಯಿತು. ಈಗ ಆ ಬೆಲೆಗೆ ಸಿಗಲ್ಲ.

ಎಲ್ಲ ಸುಸೂತ್ರವಾಗಿ ನಡೆಯಿತು ಅಂತ ತಿಳಿಯಬೇಡಿ. ಮೊದಲ ವರ್ಷದಲ್ಲೇ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಡೀ ವಿಮಾನ ಗಡಗಡ ನಡುಗಿತು. ಎರಡು ನಿಮಿಷ ಬಿಸಿಯಾದಮೇಲೆ ಸರಿಹೋಯಿತು. ಇದು ಹೊಗೆ ಬಿಡುವ ಎಗ್ಸಾಸ್ಟ್ ವಾಲ್ವ್ ತಾನು ಓಡಾಡುವ ಕೊಳವೆಯಲ್ಲಿ (ಗೈಡ್) ಹಿಡಿದುಕೊಳ್ಳುವ ಲಕ್ಷಣ. ಸರಿಹೋಯಿತಲ್ಲ ಅಂತ ಹಾರಿಬಿಟ್ಟರೆ ಮುಂದಿನ ಸಲ ವಾಲ್ವ್ ಗಾಳಿಯಲ್ಲೇ ಸಿಕ್ಕಿಕೊಳ್ಳುತ್ತೆ. ಸೋಲೋ ರದ್ದು ಮಾಡಿ ಮೆಕ್ಯಾನಿಕ್‌ನ ಕರೆಸಿದೆ. ಸಿಲಿಂಡರ್ ಬಿಚ್ಚದೆ ಹಗ್ಗದಲ್ಲೇ ಕೆಲಸ ಮುಗಿಸಿದ. ಸ್ಪಾರ್ಕ್ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ಒಳಗೆ ತುಂಬಿ, ಪ್ರೊಪೆಲರ್ ಕೈಯಲ್ಲಿ ನಿಧಾನ ತಿರುಗಿಸಿದರೆ ಪಿಸ್ಟನ್ ಹಗ್ಗವನ್ನು ಮೇಲಕ್ಕೆ ಒತ್ತುತ್ತೆ. ವಾಲ್ವ್ ಕೆಳಗೆ ಬೀಳದೆ ನಿಲ್ಲುತ್ತೆ. ಆಗ ಸ್ಪ್ರಿಂಗ್ ತೆಗೆದು, ಹಗ್ಗ ಹೊರಗೆಳೆದು, ವಾಲ್ವ್ ಒಳಕ್ಕೆ ತಳ್ಳಿ, ಗೈಡ್‌ನಲ್ಲಿ ಕಟ್ಟಿದ್ದ ಕಪ್ಪು ಮಸಿ ರೀಮರ್‌ನಿಂದ ಕೆರೆದ. ಅರ್ಧ ದಿನ, 400 ಡಾಲರ್ ಒಳಗೆ. ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದು ಕಲಿತದ್ದು ಯಾವ ಗ್ರೌಂಡ್ ಸ್ಕೂಲ್‌ನಲ್ಲೂ ಸಿಗಲ್ಲ.

ಆದರೆ ಮೂರನೇ ಸಿಲಿಂಡರ್ ಉಳಿಯಲಿಲ್ಲ. ಮುಂದಿನ ಆನ್ಯುಯಲ್‌ನಲ್ಲಿ ಎಗ್ಸಾಸ್ಟ್ ಪೈಪ್‌ಗೆ ಕಿವಿ ಕೊಟ್ಟರೆ ಬುಸ್ ಅನ್ನುತ್ತಿತ್ತು. ಬೋರೋಸ್ಕೋಪ್‌ನಲ್ಲಿ ವಾಲ್ವ್‌ನ ಒಂದು ಅಂಚು ಮಾತ್ರ ಬೇರೆ ಬಣ್ಣ. ಸುಟ್ಟ ವಾಲ್ವ್ ಕಾಣುವುದು ಹಾಗೆಯೇ. ಹೊಸ ಸಿಲಿಂಡರ್ ಹಾಕಿಸಿದೆ, ಕೂಲಿ ಸೇರಿ ಎರಡೂವರೆ ಸಾವಿರದ ಹತ್ತಿರ. ‘ನೋಡಿದೆಯಾ, ಹೇಳಿದ್ವಲ್ಲ’ ಅಂದರು ಹ್ಯಾಂಗರ್ ಸಾಲಿನವರು. ಒಂದು ಸಿಲಿಂಡರ್ ಹೋದರೆ ಅದೊಂದನ್ನೇ ಹಾಕಿ ಅಂತ ನಾನು ಅಂದೆ. ನಾಲ್ಕನ್ನೂ ಬಿಚ್ಚಿಸಲು ಇಬ್ಬರು ತುಂಬ ಒತ್ತಾಯ ಮಾಡಿದರು. ಚೆನ್ನಾಗಿರುವುದನ್ನು ಬಿಚ್ಚಬಾರದು ಅನ್ನುವುದರಲ್ಲಿ ನಾನು ಬಗ್ಗಲಿಲ್ಲ. ಉಳಿದ ಮೂರು ಇನ್ನೂ ಹಳೆಯವೇ.

ವಾಲ್ವ್ ಗೈಡ್‌ನಲ್ಲಿ ಕಟ್ಟಿದ್ದ ಆ ಮಸಿಗೆ ಕಾರಣ ಸೀಸ. ಓ-200 ಹುಟ್ಟಿದ್ದು 80 ಆಕ್ಟೇನ್ ಪೆಟ್ರೋಲಿಗೆ, ಈಗ ನಾವು ಕುಡಿಸುವುದು 100ಎಲ್‌ಎಲ್ ಅನ್ನುವ ವಿಮಾನದ ಪೆಟ್ರೋಲ್. ಅದರಲ್ಲಿ ಸೀಸ ನಾಲ್ಕು ಪಟ್ಟು. ಅಲ್ಲಿಂದ ಕಾರಿನ ಪೆಟ್ರೋಲ್ ಪ್ರಯೋಗ ಶುರುವಾಯಿತು. ಇಎಎ (ಹವ್ಯಾಸಿ ವಿಮಾನಿಗರ ಸಂಘ) 1982ರಲ್ಲಿ ಕಾರಿನ ಪೆಟ್ರೋಲಿಗೆ ಎಸ್‌ಟಿಸಿ (ಬದಲಾವಣೆಗೆ ಸರ್ಕಾರದ ಒಪ್ಪಿಗೆ) ಪಡೆದದ್ದೇ ಸೆಸ್ನಾ 150ಕ್ಕೆ. ಕಾಗದ ತರಿಸಿ, ಸ್ಟಿಕರ್ ಅಂಟಿಸಿದೆ. ಎಥನಾಲ್ ಇಲ್ಲದ್ದು ಬೇಕು, ಅದು ರೆಡ್ ನದಿ ದಾಟಿ ಓಕ್ಲಹೋಮಾ ಬಂಕ್‌ಗಳಲ್ಲಿ ಸುಲಭ. ಬೋರ್ಡ್ ನಂಬಬೇಡಿ. ಗೆರೆ ಇರುವ ಗಾಜಿನ ಕೊಳವೆಯಲ್ಲಿ 10ರ ಗೆರೆವರೆಗೆ ನೀರು, ಮೇಲೆ ಪೆಟ್ರೋಲ್ ಹಾಕಿ ಕುಲುಕಿ ಇಡಿ. ನೀರಿನ ಮಟ್ಟ 10ರಲ್ಲೇ ನಿಂತರೆ ಸರಿ. 11-12ಕ್ಕೆ ಏರಿದರೆ ಎಥನಾಲ್ ನೀರಿಗೆ ಸೇರಿದೆ ಅಂತ ಅರ್ಥ, ಆ ಕ್ಯಾನ್ ಕಾರಿಗೆ ಸುರಿಯಿರಿ. ನನಗೆ ಹಾಗೆ ಒಂದು ಬಂಕ್‌ನಲ್ಲಿ ಆಗಿದೆ. ಈಗ ಮುಕ್ಕಾಲು ಪಾಲು ಅದೇ, ಕಾಲು ಪಾಲು 100ಎಲ್‌ಎಲ್. ಕೆಳಗಿನ ಪ್ಲಗ್‌ಗಳಲ್ಲಿ ಸೀಸದ ಗುಂಡು ಸಿಗುವುದು ನಿಂತಿದೆ. ಗಂಟೆಗೆ ಹತ್ತು ಡಾಲರ್ ಮೇಲೆ ಉಳಿತಾಯ. ಕಾರ್ಬ್ಯುರೇಟರ್‌ನಲ್ಲಿ ಮಂಜು ಕಟ್ಟುವುದು (ಕಾರ್ಬ್ ಐಸ್) ಮಾತ್ರ ಸ್ವಲ್ಪ ಬೇಗ, ಅದಕ್ಕೆ ಬಿಸಿಗಾಳಿ ಬಿಡುವ ಹೀಟ್ ಗುಬ್ಬಿ ಮೊದಲೇ ಎಳೆಯಿರಿ.

ಅದೇ ಹುಮ್ಮಸ್ಸಿನಲ್ಲಿ ಚಕ್ರದ ಮೇಲಿನ ಮುಚ್ಚಳ (ವೀಲ್ ಪ್ಯಾಂಟ್) ತೆಗೆದೂ ನೋಡಿದೆ. ಹುಲ್ಲಿನ ರನ್‌ವೇಯಲ್ಲಿ ಇಲ್ಲಿಯ ಕಪ್ಪು ಜೇಡಿ ಅದರೊಳಗೆ ತುಂಬಿಕೊಂಡು ಚಕ್ರ ತಿರುಗುತ್ತಿರಲಿಲ್ಲ. 3000 ಅಡಿಯಲ್ಲಿ ನಾಲ್ಕು ದಿಕ್ಕಿಗೆ ಹಾರಿ ಜಿಪಿಎಸ್ ಸರಾಸರಿ ತೆಗೆದರೆ ವೇಗದ ವ್ಯತ್ಯಾಸ ಗಂಟೆಗೆ ಎರಡು ಮೂರು ಮೈಲಿ. ಹಾಗೇ ಬಿಟ್ಟಿದ್ದೇನೆ. ಎಣ್ಣೆ ಆರು ಕ್ವಾರ್ಟ್ ತುಂಬಿದರೆ ಮೇಲಿನದು ಹೊರಬಂದು ವಿಮಾನದ ಹೊಟ್ಟೆಗೆ ಬಳಿದುಕೊಳ್ಳುತ್ತೆ, ಐದಕ್ಕೇ ನಿಲ್ಲಿಸಿ.

ದುಡ್ಡಿನ ಲೆಕ್ಕ. ಲೈಸೆನ್ಸ್ ಆಗಲು 65 ಗಂಟೆಯಷ್ಟು ಆಯಿತು. ಪೆಟ್ರೋಲ್ ಎರಡು ಸಾವಿರ ಚಿಲ್ಲರೆ, ಸ್ವತಂತ್ರ ಇನ್‌ಸ್ಟ್ರಕ್ಟರ್‌ಗೆ 2700, ವಿಮೆ 900, ಟೈ-ಡೌನ್ (ವಿಮಾನ ಕಟ್ಟಿ ನಿಲ್ಲಿಸುವ ಬಾಡಿಗೆ) 900, ಎಗ್ಸಾಮಿನರ್‌ಗೆ 900, ಆನ್ಯುಯಲ್ ಮತ್ತು ರಿಪೇರಿ ಸಿಲಿಂಡರ್ ಸೇರಿ ಐದು ಸಾವಿರ. ಒಟ್ಟು ಹನ್ನೆರಡೂವರೆ. ಶಾಲೆಯ ಅಂದಾಜು ಹದಿನೆಂಟು ಸಾವಿರ ಇತ್ತು, ಅದರ ಕೊನೆಗೆ ಕೈಯಲ್ಲಿ ವಿಮಾನ ಇರುತ್ತಿರಲಿಲ್ಲ. ಆನ್ಯುಯಲ್‌ನಲ್ಲಿ ಪ್ಯಾನೆಲ್ ಬಿಚ್ಚಿ, ಪ್ಲಗ್ ತೊಳೆದು, ಮತ್ತೆ ಮುಚ್ಚುವ ಕೆಲಸ ಐಎ (ತಪಾಸಣೆಗೆ ಸಹಿ ಹಾಕುವ ಅಧಿಕಾರವಿರುವ ಮೆಕ್ಯಾನಿಕ್) ಕಣ್ಣೆದುರು ನಾನೇ ಮಾಡುತ್ತೇನೆ. ಬಿಲ್ ಅರ್ಧ ಇಳಿಯುತ್ತೆ, ವಿಮಾನದ ಒಂದೊಂದು ಸ್ಕ್ರೂ ಪರಿಚಯವಾಗುತ್ತೆ.

ಬೊನಾಂಜಾವನ್ನೂ ಹೋಗಿ ನೋಡಿದೆ, ದುಡ್ಡು ಹೊಂದಿಸಿಕೊಂಡೇ. ವಿ-ಬಾಲದಲ್ಲಿ ಆಡುವ ಹಲಗೆಗಳ (ರಡ್ಡರ್‌ವೇಟರ್) ಹೊದಿಕೆ ಮೆಗ್ನೀಸಿಯಂ. ಬಣ್ಣದ ಕೆಳಗೆ ಗುಳ್ಳೆ ಎದ್ದಿತ್ತು. ಆ ತಗಡು ಆಗ ಸಿಗುವುದೇ ಕಷ್ಟವಿತ್ತು. ಗಂಟೆಗೆ 14 ಗ್ಯಾಲನ್, ಓವರ್‌ಹಾಲ್ ಐವತ್ತು ಸಾವಿರದ ಮೇಲೆ. ನನ್ನ ಅಷ್ಟು ಕಡಿಮೆ ಹಾರಾಟದ ಗಂಟೆಗಳಿಗೆ ವಿಮೆಯವರು ಕೇಳಿದ್ದು ವರ್ಷಕ್ಕೆ ಆರು ಸಾವಿರ. ಅದರಲ್ಲಿ ಹಾರಿಯೂ ಬಂದೆ, 160 ನಾಟ್‌ನಲ್ಲಿ. ಅದ್ಭುತ ವಿಮಾನ. ಒಂದು ದಿನ ಕೊಂಡೇ ಕೊಳ್ಳುತ್ತೇನೆ. ಆದರೆ 150 ಮಾರಿ ಅಲ್ಲ. ಫ್ರೆಡರಿಕ್ಸ್‌ಬರ್ಗ್‌ನ ಏರ್‌ಪೋರ್ಟ್ ಡೈನರ್‌ಗೆ ಇಲ್ಲಿಂದ 200 ನಾಟಿಕಲ್ ಮೈಲಿ. ದಕ್ಷಿಣದ ಗಾಳಿ ಎದುರಿಗಿದ್ದರೆ ಇದರಲ್ಲಿ ಮೂರು ಗಂಟೆ ಹತ್ತಿರ, ಮಧ್ಯೆ ಪೆಟ್ರೋಲಿಗೆ ಒಂದು ಕಡೆ ಇಳಿಯಬೇಕು. ಆ ಮೂರು ಗಂಟೆಯೂ ನನಗೆ ಬೇಕು.

ಓವರ್‌ಹಾಲ್‌ಗೆ ಗಂಟೆಗೆ 12 ಡಾಲರ್ ಬೇರೆ ಖಾತೆಗೆ ಹಾಕುತ್ತಾ ಬಂದಿದ್ದೇನೆ. ಎಣ್ಣೆ ವರದಿಯಲ್ಲಿ ಕಬ್ಬಿಣ ಏರಿದ ದಿನ, ಇಲ್ಲವೇ ಫಿಲ್ಟರ್ ಕತ್ತರಿಸಿದಾಗ ಮಡಿಕೆಯಲ್ಲಿ ಲೋಹದ ಹೊಳಪು ಸಿಕ್ಕ ದಿನ ಇಂಜಿನ್ ಇಳಿಸುತ್ತೇನೆ. ಅಲ್ಲಿಯವರೆಗೆ ಟಿಬಿಓ ಕೇಳಬೇಡಿ. ಸದ್ಯಕ್ಕೆ ಮುಂದಿನ ಚಕ್ರ ಅತ್ತಿತ್ತ ಅದುರುವುದು (ಶಿಮ್ಮಿ) ಶುರುವಾಗಿದೆ, ಅದನ್ನು ತಡೆಯುವ ಡ್ಯಾಂಪರ್‌ಗೆ ಎಣ್ಣೆ ತುಂಬಿಸಿದರೂ ನಿಂತಿಲ್ಲ. ಚಕ್ರವನ್ನು ನೇರ ಹಿಡಿಯುವ ಟಾರ್ಕ್ ಲಿಂಕ್‌ನ ಬುಷಿಂಗ್ ಸವೆದಿರಬೇಕು. ಈ ಶನಿವಾರ ಬಿಚ್ಚುತ್ತೇನೆ.