ಕ್ರಿಸ್‌ಮಸ್‌ಗೆ ಪಾಯಿನ್‌ಸೆಟಿಯಾ ಕೆಂಪಾಗಬೇಕಾ?

ಬಳ್ಳಾರಿ ಕೌಲ್ ಬಜಾರಿನ ನಮ್ಮ ಮನೆ ಗೇಟಿನ ಎದುರಿಗೇ ಬೀದಿ ದೀಪ ಇದೆ. ಮೂರು ವರ್ಷ ನನ್ನ ಪಾಯಿನ್‌ಸೆಟಿಯಾ ಡಿಸೆಂಬರ್ ಪೂರ್ತಿ ಹಸಿರಾಗೇ ನಿಂತಿತ್ತು. ಗೊಬ್ಬರ ಸಾಲದೇನೋ ಅಂತ ಸುಮ್ನೆ ಸುರಿದೆ. ತೊಂದರೆ ಇದ್ದದ್ದು ಆ ದೀಪದ್ದು.

ಇದು ಮೆಕ್ಸಿಕೋ ಕಡೆಯ ಗಿಡ. ಕೆಂಪಗೆ ಕಾಣುವುದು ಹೂವಲ್ಲ, ಎಲೆ. ನಡುವಿನ ಸಣ್ಣ ಹಳದಿ ಗುಂಡುಗಳೇ ಹೂವು. ರಾತ್ರಿ ಉದ್ದವಾಗಿ, ಪೂರ್ತಿ ಕತ್ತಲಾಗಿದ್ದರೆ ಮಾತ್ರ ಎಲೆಗೆ ಬಣ್ಣ ಬರುತ್ತದೆ.

ಅಕ್ಟೋಬರ್ ಮೊದಲ ವಾರವೇ ಶುರು ಮಾಡಿ. ಸಂಜೆ 5ಕ್ಕೆ ಕುಂಡದ ಮೇಲೆ ದೊಡ್ಡ ರಟ್ಟಿನ ಡಬ್ಬ ಬೋರಲು ಹಾಕಿ, ಬೆಳಿಗ್ಗೆ 7ಕ್ಕೆ ತೆಗೆಯಿರಿ. ಒಟ್ಟು 14 ಗಂಟೆ ಕತ್ತಲು. ಹೀಗೆ 8ರಿಂದ 10 ವಾರ ಬೇಕು. ಒಂದು ದಿನವೂ ಮರೆಯುವ ಹಾಗಿಲ್ಲ, ನಾನು ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ನಮ್ಮೂರಲ್ಲಿ ಆ ಹೊತ್ತಿಗೂ ಗೋಡೆ ಕಾದಿರುತ್ತದೆ ಅಲ್ವಾ? ಗೋಡೆಯಿಂದ ದೂರ, ನೆರಳಲ್ಲಿ ಮುಚ್ಚಿ. ಇಲ್ಲವಾದರೆ ಗಿಡ ಒಳಗೇ ಬೇಯುತ್ತದೆ. ಹಗಲು ಮಾತ್ರ ಒಳ್ಳೆ ಬೆಳಕು ಬೇಕು.

ಎರೆ ಮಣ್ಣು ಬೇಡ, ನೀರು ನಿಂತು ಬೇರು ಕೊಳೆಯುತ್ತದೆ. ಕೆಂಪು ಮಣ್ಣಿಗೆ ಮರಳು, ತಿಪ್ಪೆ ಗೊಬ್ಬರ ಸೇರಿಸಿ. ತುದಿ ಚಿವುಟುವುದಿದ್ದರೆ ಆಗಸ್ಟ್‌ನಲ್ಲೇ ಮುಗಿಸಿ. ಗಿಡದಿಂದ ಒಸರುವ ಬಿಳಿ ಹಾಲು ತಾಗಿದರೆ ಕೈ ತುರಿಸಬಹುದು, ತೊಳೆದುಕೊಳ್ಳಿ.

ಕಳೆದ ವರ್ಷ ಡಿಸೆಂಬರ್ 24ರ ಸಂಜೆ, ಯೇಸು ಹುಟ್ಟಿದ ದೃಶ್ಯ ತೋರಿಸುವ ಗೋದಲಿ ಪಕ್ಕ ಕುಂಡ ಇಟ್ಟೆ. ಪಕ್ಕದ ಮನೆ ಅಕ್ಕ, ಪ್ಲಾಸ್ಟಿಕ್ ಏನೋ ಅಂತ ಮುಟ್ಟಿ ನೋಡಿದರು.